ಪಹಣಿಯಲ್ಲಿ ದೊಡ್ಡಪ್ಪನ ಹೆಸರು, ಉಳುಮೆ ನಮ್ಮದು: ಹೊಲದ ಒಡೆಯರು ಯಾರು?

ಬದುವಿನ ಬನ್ನಿ:
ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನಲ್ಲಿ ಮುತ್ತಜ್ಜನ ಕಾಲದಿಂದ ಬಂದ 4 ಎಕರೆ 20 ಗುಂಟೆ ಹೊಲ ನಮ್ಮ ಮನೆತನಕ್ಕಿದೆ. 1986ರಲ್ಲಿ ಅಜ್ಜ ಬದುಕಿದ್ದಾಗಲೇ ಊರಿನ ನಾಲ್ವರು ಹಿರಿಯರನ್ನು ಕೂರಿಸಿಕೊಂಡು ಬಾಯಿಮಾತಿನಲ್ಲಿ ವಾಟ್ನಿ (ಆಸ್ತಿ ವಿಭಾಗ) ಮಾಡಿದರು. ನಡುವೆ ಬದು ಹಾಕಿ, ಮೂಡಣದ 2 ಎಕರೆ 10 ಗುಂಟೆ ದೊಡ್ಡಪ್ಪನಿಗೆ, ಪಡುವಣದ 2 ಎಕರೆ 10 ಗುಂಟೆ ನಮ್ಮ ತಂದೆಗೆ ಎಂದು ಗೊತ್ತುಮಾಡಿದರಂತೆ. ಅಂದಿನಿಂದ ಇಂದಿನವರೆಗೆ ಪಡುವಣದ ಹೊಲದಲ್ಲಿ ಗೋವಿನಜೋಳ, ಹತ್ತಿ ಬೆಳೆಯುತ್ತಿರುವವರು ನಾವೇ. 1998ರಲ್ಲಿ ತಂದೆ ಅಲ್ಲಿ ಕೊಳವೆಬಾವಿ ಕೊರೆಸಿದರು, ಅದರ ವಿದ್ಯುತ್ ಸಂಪರ್ಕ ಅವರ ಹೆಸರಿನಲ್ಲೇ ಇದೆ.

1991ರಲ್ಲಿ ಅಜ್ಜ ತೀರಿಕೊಂಡ ಮೇಲೆ ಪಹಣಿಗೆ ದೊಡ್ಡಪ್ಪನ ಹೆಸರೊಂದೇ ಏರಿತು. ಅಣ್ಣತಮ್ಮಂದಿರ ನಡುವೆ ನಂಬಿಕೆಯಿತ್ತು, ಯಾರೂ ಅದನ್ನು ತಿದ್ದಿಸಲಿಲ್ಲ. ನಮ್ಮ ಪಾಲಿನ ಕಂದಾಯವನ್ನು ತಂದೆ ದೊಡ್ಡಪ್ಪನ ಕೈಗೆ ಕೊಡುತ್ತಿದ್ದರು, ಅವರು ಕಟ್ಟುತ್ತಿದ್ದರು. ಈಗ ಇಬ್ಬರೂ ಇಲ್ಲ. ದೊಡ್ಡಪ್ಪನ ಮಗ ಪೂರ್ತಿ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ವಾರಸಾ ಅರ್ಜಿ ಹಾಕಿದ್ದಾನೆ. ಅಷ್ಟೇ ಅಲ್ಲದೆ, ಹೊರಗಿನವರೊಬ್ಬರಿಂದ ಮುಂಗಡ ಪಡೆದು ಮಾರಾಟದ ಕರಾರನ್ನೂ ಬರೆದುಕೊಟ್ಟಿದ್ದಾನೆ. ಕೇಳಲು ಹೋದರೆ, ಪಹಣಿ ಯಾರ ಹೆಸರಿನಲ್ಲಿದೆಯೋ ಜಮೀನು ಅವರದು ಎಂಬ ಒಂದೇ ಮಾತು. ಬಲ್ಲವರು ದಯವಿಟ್ಟು ಹೇಳಿ: ಮೂವತ್ತೆಂಟು ವರ್ಷಕ್ಕೂ ಹೆಚ್ಚು ಕಾಲ ಉಳುಮೆ ಮಾಡಿದ ನಾವು ಈ ಹೊಲಕ್ಕೆ ಏನಾಗಬೇಕು?

ಕೋಲಾರದ ರಾಗಿ:
ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಪಹಣಿಯೇ ಮೂಲ ಎಂದು ನಾನು ಹೇಳಲೇಬೇಕು. ಬ್ಯಾಂಕು ಬೆಳೆ ಸಾಲ ಕೊಡುವುದು ಪಹಣಿ ನೋಡಿ, ಸರ್ಕಾರ ಬೆಳೆ ಪರಿಹಾರ ಕೊಡುವುದೂ ಪಹಣಿ ನೋಡಿ. ಅದರಲ್ಲಿ ಹೆಸರಿಲ್ಲದವನು ಒಡೆಯ ಹೇಗಾಗುತ್ತಾನೆ?

ನಿವೃತ್ತ ಕಂದಾಯ:
ಕೋಲಾರದವರ ಮಾತನ್ನು ಒಪ್ಪಲಾರೆ. ಮೂವತ್ತು ವರ್ಷ ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವನಾಗಿ ಈ ತಪ್ಪು ತಿಳಿವಳಿಕೆಯಿಂದ ಎಷ್ಟು ಮನೆಗಳು ಒಡೆದಿವೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಪಹಣಿ ಹುಟ್ಟಿದ್ದು ಯಾರಿಂದ ಕಂದಾಯ ವಸೂಲು ಮಾಡಬೇಕು ಎಂದು ಸರ್ಕಾರ ತಿಳಿದುಕೊಳ್ಳುವುದಕ್ಕೆ. ಅದರ ಒಂಬತ್ತನೇ ಕಾಲಮ್ಮನ್ನು ಗಮನವಿಟ್ಟು ಓದಿ, ಅಲ್ಲಿ ಕೇಳಿರುವುದು ಸ್ವಾಧೀನದಾರನ ಹೆಸರನ್ನು. ಹತ್ತನೇ ಕಾಲಮ್ಮಿನಲ್ಲಿ ಆ ಹೆಸರು ಹೇಗೆ ಬಂತು ಎಂಬುದಿರುತ್ತದೆ, ಹನ್ನೊಂದರಲ್ಲಿ ಇತರರ ಹಕ್ಕು ಮತ್ತು ಋಣ, ಹನ್ನೆರಡರಲ್ಲಿ ಬೆಳೆ ಮತ್ತು ಸಾಗುವಳಿ. ಜನರು ಒಂಬತ್ತನ್ನು ಮಾತ್ರ ನೋಡಿ ಹಾಳೆಯನ್ನು ಮಡಚಿಡುತ್ತಾರೆ.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಪ್ರಕರಣದ ಪ್ರಕಾರ, ಹಕ್ಕು ದಾಖಲೆಯಲ್ಲಿರುವುದನ್ನು ಅದು ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದು ಭಾವಿಸಬೇಕು. ತಪ್ಪೆಂದು ಸಾಬೀತು ಮಾಡಲು ಕಾನೂನೇ ಬಾಗಿಲು ತೆರೆದಿಟ್ಟಿದೆ ಎಂದೇ ಇದರ ಅರ್ಥ. ವಾರಸಾ ಅರ್ಜಿ ಇನ್ನೂ ಮಂಜೂರಾಗಿಲ್ಲ ಎಂದಾದರೆ ಈ ಚರ್ಚೆಯನ್ನು ಓದುವ ಮೊದಲು ನಾಡಕಚೇರಿಗೆ ಹೋಗಿ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ನೋಟಿಸಿನಲ್ಲಿ ಹೇಳಿದ ಅವಧಿಯೊಳಗೆ ತಕರಾರು ಬಂದರೆ ಅದು ವಿವಾದಿತ ಪ್ರಕರಣವಾಗಿ ದಾಖಲಾಗಿ ತಹಶೀಲ್ದಾರರ ಮುಂದೆ ವಿಚಾರಣೆಗೆ ಹೋಗಬೇಕು.

ಧಾರವಾಡದ ವಕೀಲೆ:
ಮೇಲಿನ ಮಾತಿಗೆ ಸೇರಿಸುವುದಿದೆ. ಒಡೆತನ, ಸ್ವಾಧೀನ, ದಾಖಲೆ ಇವು ಮೂರು ಬೇರೆ ಬೇರೆ ಸಂಗತಿಗಳು. ಹೆಚ್ಚಿನ ಮನೆಗಳಲ್ಲಿ ಮೂರೂ ಒಬ್ಬರ ಬಳಿಯೇ ಇರುವುದರಿಂದ ಅವು ಒಂದೇ ಎಂಬ ಭಾವನೆ ಬೆಳೆದಿದೆ. ನಿಮ್ಮ ಮನೆಯಲ್ಲಿ ದಾಖಲೆ ದೊಡ್ಡಪ್ಪನ ಬಳಿಗೆ ಹೋಯಿತು, ಸ್ವಾಧೀನ ನಿಮ್ಮ ಬಳಿ ಉಳಿಯಿತು. ಒಡೆತನ ಎಲ್ಲಿದೆ ಎಂಬುದು ಅಜ್ಜನಿಂದ ಯಾರಿಗೆ ಏನು ಇಳಿದು ಬಂತು ಎಂಬುದರ ಮೇಲೆ ನಿಂತಿದೆಯೇ ಹೊರತು 1992ರಲ್ಲೋ 93ರಲ್ಲೋ ಯಾರೋ ಬರೆದ ಒಂದು ಸಾಲಿನ ಮೇಲೆ ಅಲ್ಲ. ಮ್ಯುಟೇಷನ್, ಅಂದರೆ ಕಂದಾಯ ದಾಖಲೆಯಲ್ಲಿ ಹೆಸರು ಬದಲಾಯಿಸುವುದು, ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಇರುವ ಹಕ್ಕನ್ನು ಅಳಿಸುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಸ್ಪಷ್ಟವಾಗಿ ಹೇಳಿದೆ, ಆಮೇಲೂ ಅದನ್ನು ಅನೇಕ ಬಾರಿ ಪುನರುಚ್ಚರಿಸಿದೆ.

ಮಾರಾಟದ ಕರಾರಿನ ಬಗ್ಗೆ ಹೆದರಬೇಡಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಪ್ರಕರಣದಂತೆ, ಮಾರುತ್ತೇನೆ ಎಂಬ ಕರಾರು ತಾನಾಗಿಯೇ ಜಮೀನಿನಲ್ಲಿ ಯಾವ ಹಿತಾಸಕ್ತಿಯನ್ನೂ ಕೊಡುವುದಿಲ್ಲ. ನೋಂದಾಯಿತ ಕ್ರಯಪತ್ರವೇ ಆದರೂ ನಿಮ್ಮ ಅಣ್ಣ, ಅಂದರೆ ದೊಡ್ಡಪ್ಪನ ಮಗ, ತನ್ನಲ್ಲಿ ಇರುವಷ್ಟನ್ನು ಮಾತ್ರ ಕೊಡಬಲ್ಲ. ಇನ್ನೊಂದು ಮುಖ್ಯ ವಿಷಯವೆಂದರೆ, ಹೊಲದಲ್ಲಿ ನೀವು ಉಳುತ್ತಿರುವುದೇ ಕೊಳ್ಳುವವನಿಗೆ ಕಾನೂನಿನ ಕಣ್ಣಿನಲ್ಲಿ ತಿಳಿವಳಿಕೆ. ಉಳುತ್ತಿರುವವರು ಯಾರು, ಯಾವ ಹಕ್ಕಿನಿಂದ ಉಳುತ್ತಿದ್ದಾರೆ ಎಂದು ವಿಚಾರಿಸದೆ ಹಣ ಕೊಟ್ಟವನು ನನಗೆ ಗೊತ್ತಿರಲಿಲ್ಲ ಎಂದು ಆಮೇಲೆ ಹೇಳಲು ಬರುವುದಿಲ್ಲ.

ಕೋಲಾರದ ರಾಗಿ:
ಹಾಗಾದರೆ ಒಂದು ಪ್ರಶ್ನೆ. ಪಹಣಿ ಒಡೆತನವಲ್ಲ, ಖಾತೆ ಒಡೆತನವಲ್ಲ, ನೋಂದಾಯಿತ ಪತ್ರವೂ ಮಾರಿದವನ ಹಕ್ಕಿನಷ್ಟೇ ಎನ್ನುತ್ತೀರಿ. ಒಡೆತನವನ್ನು ತೋರಿಸುವ ಕಾಗದವಾದರೂ ಯಾವುದು? ರೈತನೊಬ್ಬ ಯಾವುದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ನೆಮ್ಮದಿಯಿಂದ ಮಲಗಬೇಕು?

ಮೆಲ್ಬರ್ನ್ ಮಲೆನಾಡು:
ಕೋಲಾರದವರ ಪ್ರಶ್ನೆ ಸರಿಯಾದ ಜಾಗವನ್ನೇ ಮುಟ್ಟಿದೆ. ನಾನಿರುವ ಆಸ್ಟ್ರೇಲಿಯಾದಲ್ಲಿ ಅಂಥ ಒಂದು ದಾಖಲೆ ಇದೆ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ಎಂಬುವರು ತಂದ ಪದ್ಧತಿಯಲ್ಲಿ ಸರ್ಕಾರದ ಪುಸ್ತಕದಲ್ಲಿ ಹೆಸರು ನಮೂದಾಗುವುದರಿಂದಲೇ ಒಡೆತನ ಬರುತ್ತದೆ. ಅದಕ್ಕೆ ಸರ್ಕಾರವೇ ಖಾತರಿ, ತಪ್ಪಾಗಿ ಯಾರಿಗಾದರೂ ನಷ್ಟವಾದರೆ ಪರಿಹಾರಕ್ಕೂ ದಾರಿಯಿದೆ. ಭಾರತದಲ್ಲಿ 1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವುದು ಪತ್ರವೇ ಹೊರತು ಒಡೆತನವಲ್ಲ. ಉಪನೋಂದಣಾಧಿಕಾರಿ ಈ ಇಬ್ಬರು ಈ ದಿನ ಈ ಪತ್ರಕ್ಕೆ ಸಹಿ ಹಾಕಿದರು ಎನ್ನುತ್ತಾರೆ, ಸಹಿ ಹಾಕಿದವನಿಗೆ ಹಕ್ಕಿತ್ತು ಎನ್ನುವುದಿಲ್ಲ. ಆದ್ದರಿಂದಲೇ ನಮ್ಮಲ್ಲಿ ಕೊಳ್ಳುವವರು ಒಂದು ಕಾಗದವನ್ನು ನೋಡಿದರೆ ಸಾಲದು, ಮೂವತ್ತು ವರ್ಷದ ಹಿಂದಿನಿಂದ ಸರಪಳಿಯಂತೆ ಒಂದಕ್ಕೊಂದು ಕೂಡುವ ಕಾಗದಗಳನ್ನು ನೋಡಬೇಕಾಗುತ್ತದೆ.

ನಿವೃತ್ತ ಕಂದಾಯ:
ಮೆಲ್ಬರ್ನಿನವರು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಜನರಿಗೆ ಇನ್ನೊಂದು ಕಡೆಯೂ ಎಡವುತ್ತದೆ. ಋಣಭಾರ ಪತ್ರದಲ್ಲಿ (ಇ.ಸಿ.) ಏನೂ ಇಲ್ಲ ಎಂದು ಬಂದರೆ ಜಮೀನು ಶುದ್ಧವಾಗಿದೆ ಎಂದುಕೊಳ್ಳುತ್ತಾರೆ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಬಾಯಿಮಾತಿನ ವಾಟ್ನಿ, ಅತ್ತೆಯ ಪಾಲು, ಹೊಲದ ಮೇಲೆ ಹಾದುಹೋಗುವ ಬಂಡಿದಾರಿ ಇವು ಯಾವುವೂ ಅದರಲ್ಲಿ ಕಾಣುವುದಿಲ್ಲ.

ಸಾಗರದ ಗೇಣಿ:
ಪಹಣಿಯನ್ನು ತೀರಾ ತೆಗೆದುಹಾಕಬೇಡಿ. ನಮ್ಮ ಅಜ್ಜ ಸಾಗರದ ಕಡೆ ಗೇಣಿ ಒಕ್ಕಲು. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಕಥೆಯನ್ನು ಕೇಳುತ್ತಲೇ ನಾವು ಬೆಳೆದವರು. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಅಜ್ಜ ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಧಣಿಯ ಹೆಸರು ಒಂಬತ್ತನೇ ಕಾಲಮ್ಮಿನಲ್ಲಿ ಕಪ್ಪು ಶಾಯಿಯಲ್ಲಿ ದಪ್ಪಕ್ಷರದಲ್ಲಿತ್ತು. ಸಾಗುವಳಿಯ ಕಾಲಮ್ಮಿನಲ್ಲಿ ಮಾತ್ರ ಸತತ ಆರು ವರ್ಷ ಅಜ್ಜನ ಹೆಸರು ಸಣ್ಣದಾಗಿ ಬರೆದಿತ್ತು. ಆ ಸಣ್ಣ ಅಕ್ಷರದಿಂದಲೇ ಅವರಿಗೆ ಅಧಿಭೋಗದ ಹಕ್ಕು (ಉಳುವವನಿಗೆ ಜಮೀನು ಸಿಗುವ ಹಕ್ಕು) ಸಿಕ್ಕಿತು. ಆ ಹಾಳೆಯ ನಕಲು ಇವತ್ತಿಗೂ ನಮ್ಮ ದೇವರ ಗೂಡಿನಲ್ಲಿದೆ. ಪಹಣಿ ಒಡೆತನವಲ್ಲ ನಿಜ, ಆದರೆ ಬಡವನ ಪಾಲಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇರಲಿಲ್ಲ. ಬನ್ನಿಯವರೇ, ಹನ್ನೆರಡನೇ ಕಾಲಮ್ಮಿನ ಹಳೆಯ ಕೈಬರಹದ ಪಹಣಿಗಳನ್ನು ತೆಗೆಸಿ ನೋಡಿ, ನಿಮ್ಮ ತಂದೆಯ ಹೆಸರು ಅಲ್ಲಿ ಇದ್ದರೂ ಇರಬಹುದು.

ತುಂಗಾ ತೀರ:
ಇಷ್ಟೆಲ್ಲ ಯಾಕೆ? 12 ವರ್ಷ ಸ್ವಾಧೀನದಲ್ಲಿದ್ದರೆ ಜಮೀನು ಅವರದೇ ಆಗುತ್ತದೆ. ಇವರು ಅದರ ಮೂರು ಪಟ್ಟು ಕಾಲ ಉಳುಮೆ ಮಾಡಿದ್ದಾರೆ.

ಧಾರವಾಡದ ವಕೀಲೆ:
ತುಂಗಾ ತೀರದವರೇ, ಈ 12 ವರ್ಷದ ಮಾತು ಅರ್ಧ ತಿಳಿದು ಪೂರ್ತಿ ಕೆಡಿಸುವಂಥದ್ದು. ಪ್ರತಿಕೂಲ ಸ್ವಾಧೀನ ಎಂದರೆ, ಜಮೀನು ಇಂಥವನದು ಎಂದು ಗೊತ್ತಿದ್ದೂ, ಅವನ ಹಕ್ಕನ್ನು ಅಲ್ಲಗಳೆದು, ಅವನಿಗೆ ತಿಳಿಯುವಂತೆ ಬಹಿರಂಗವಾಗಿ 12 ವರ್ಷ ಹಿಡಿದಿಟ್ಟುಕೊಳ್ಳುವುದು. ಸರ್ಕಾರಿ ಜಮೀನಾದರೆ 30 ವರ್ಷ. ಒಂದೇ ಕುಟುಂಬದ ಸಹ ಒಡೆಯರ ನಡುವೆ ಈ ವಾದ ಬಹಳ ದುರ್ಬಲ, ಏಕೆಂದರೆ ಒಬ್ಬ ಸಹ ಒಡೆಯನ ಸ್ವಾಧೀನವನ್ನು ಎಲ್ಲ ಸಹ ಒಡೆಯರ ಸ್ವಾಧೀನವೆಂದೇ ಕಾನೂನು ಎಣಿಸುತ್ತದೆ. ಉಳಿದವರನ್ನು ಸ್ಪಷ್ಟವಾಗಿ ಹೊರಗಟ್ಟಿದ್ದನ್ನು ತೋರಿಸದಿದ್ದರೆ ಎಷ್ಟು ವರ್ಷವಾದರೂ ಪ್ರಯೋಜನವಿಲ್ಲ. ಅದಕ್ಕಿಂತ ಮುಖ್ಯವಾಗಿ, ಇದು ನಮ್ಮ ಪಾಲಿನ ಹೊಲ ಎಂದು ಹೇಳುತ್ತಿರುವವರು ಇದು ಬೇರೆಯವರದು, ನಾವು ಕಸಿದುಕೊಂಡಿದ್ದೇವೆ ಎಂದು ಅದೇ ಬಾಯಿಯಲ್ಲಿ ಹೇಳಲಾಗದು. ಬನ್ನಿಯವರು ಈ ದಾರಿಗೆ ಹೋಗಲೇಬಾರದು.

ತುಂಗಾ ತೀರ:
ತಿದ್ದಿದ್ದಕ್ಕೆ ಧನ್ಯವಾದ. ಆದರೂ ಆಸ್ತಿಯ ಹಕ್ಕು ನಮ್ಮ ಮೂಲಭೂತ ಹಕ್ಕಲ್ಲವೇ? ನೇರವಾಗಿ ಹೈಕೋರ್ಟಿಗೆ ಹೋಗಬಹುದಲ್ಲ?

ನಿವೃತ್ತ ಕಂದಾಯ:
ಅದು 1979ರವರೆಗಿನ ಮಾತು. ಸಂವಿಧಾನದ 44ನೇ ತಿದ್ದುಪಡಿಯು ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಯಲ್ಲಿ ಸಾಂವಿಧಾನಿಕ ಹಕ್ಕಾಗಿ ಇರಿಸಿದೆ. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂಬ ಆ ವಿಧಿ ಮುಖ್ಯವಾಗಿ ಸರ್ಕಾರವನ್ನು ಉದ್ದೇಶಿಸಿದ್ದು. ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಜಾಗ ಸಿವಿಲ್ ನ್ಯಾಯಾಲಯ.

ಮಗಳ ಪಾಲು:
ಇಷ್ಟು ಜನ ಇಷ್ಟು ಬರೆದಿರಿ. ಅಜ್ಜನಿಗೆ ಒಬ್ಬ ಮಗಳೂ ಇರಬಹುದಲ್ಲ ಎಂದು ಒಬ್ಬರೂ ಕೇಳಲಿಲ್ಲ, ಬನ್ನಿಯವರೂ ಹೇಳಲಿಲ್ಲ. ನಿಮಗೆ ಸೋದರತ್ತೆ ಇದ್ದಾರೆಯೇ? 1986ರಲ್ಲಿ ನಾಲ್ವರು ಹಿರಿಯರು ಕುಳಿತಾಗ ಅವರನ್ನು ಯಾರಾದರೂ ಕರೆದರೇ?

ಬದುವಿನ ಬನ್ನಿ:
ಇದ್ದಾರೆ. ಒಬ್ಬರೇ ಸೋದರತ್ತೆ, ರಾಣೆಬೆನ್ನೂರಿನಲ್ಲಿದ್ದಾರೆ. 1979ರಲ್ಲಿ ಅವರ ಮದುವೆಯಾಯಿತು, ಆಗ ಅಜ್ಜ ಬಂಗಾರ ಹಾಕಿ, ಸಾಲ ಮಾಡಿ ಮದುವೆ ಮಾಡಿಕೊಟ್ಟರು. ಅಜ್ಜಿ ಅಜ್ಜನಿಗಿಂತ ಮೊದಲೇ ತೀರಿಕೊಂಡಿದ್ದರು. ಅತ್ತೆ ಇಷ್ಟು ವರ್ಷದಲ್ಲಿ ಒಂದು ದಿನವೂ ಪಾಲು ಕೇಳಿಲ್ಲ. ಹಾಗಾಗಿ ಅವರ ವಿಷಯ ಬರೆಯಬೇಕೆಂದು ನನಗೆ ತೋಚಲಿಲ್ಲ.

ಮಗಳ ಪಾಲು:
ಕೇಳದೆ ಇರುವುದೂ ಬಿಟ್ಟುಕೊಡುವುದೂ ಒಂದೇ ಅಲ್ಲ. ಹೊಲದಲ್ಲಿರುವ ಹಕ್ಕನ್ನು ಬಿಟ್ಟುಕೊಡಬೇಕಾದರೆ ಹಕ್ಕುಬಿಡುಗಡೆ ಪತ್ರವನ್ನು ಬರೆದು ನೋಂದಾಯಿಸಬೇಕು. ಮದುವೆಯ ಬಂಗಾರ ಯಾವ ಕಾನೂನಿನಲ್ಲೂ ಹೊಲದ ಪಾಲಿಗೆ ಬದಲಿಯಾಗಿಲ್ಲ. ನಿಮ್ಮ ಅಣ್ಣ ಪಹಣಿಯಲ್ಲಿ ನಿಮ್ಮ ಹೆಸರಿಲ್ಲ, ಆದ್ದರಿಂದ ನೀವಿಲ್ಲ ಎನ್ನುತ್ತಿದ್ದಾನೆ. ನಿಮ್ಮ ಅತ್ತೆಯ ವಿಷಯದಲ್ಲಿ ನೀವು ಹೇಳುತ್ತಿರುವುದಕ್ಕೂ ಅದಕ್ಕೂ ವ್ಯತ್ಯಾಸವೇನು, ಒಮ್ಮೆ ಯೋಚಿಸಿ. ನಿಮಗೆ ಅಕ್ಕತಂಗಿಯರಿದ್ದರೆ ಅವರನ್ನೂ ನೆನಪಿಸಿಕೊಳ್ಳಿ.

ಕೋಲಾರದ ರಾಗಿ:
ಆದರೆ 1979ರಲ್ಲಿ ಮದುವೆಯಾದವರಿಗೆ ಪಾಲಿಲ್ಲವಲ್ಲ? ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಲ್ಲಿ ಹಾಗೆಂದೇ ಇತ್ತು ಎಂದು ನೆನಪು.

ಧಾರವಾಡದ ವಕೀಲೆ:
ನೆನಪು ಸರಿ, ಆದರೆ ಕಾಲ ಮುಂದೆ ಹೋಗಿದೆ. 1994ರ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಪಾಲುದಾರರನ್ನಾಗಿ ಮಾಡಿತು, ಅದಕ್ಕೆ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಆ ಗೆರೆಯೇ ಇಲ್ಲ. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಆಗಿಹೋದ ವಿಭಾಗಗಳನ್ನು ಮಾತ್ರ ಕಾನೂನು ಕೆದಕುವುದಿಲ್ಲ, ಆದರೆ ಅಂಥ ವಿಭಾಗ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆಗಿರಬೇಕು. ಬಾಯಿಮಾತಿನ ವಾಟ್ನಿಯನ್ನು ಸಾರ್ವಜನಿಕ ದಾಖಲೆಗಳ ಬಲವಿದ್ದಾಗ ಅಪರೂಪಕ್ಕೆ ಮಾತ್ರ ಒಪ್ಪುತ್ತಾರೆ.

ಬನ್ನಿಯವರ ಹೊಲಕ್ಕೆ ಲೆಕ್ಕ ಹಾಕೋಣ. ಒಟ್ಟು 180 ಗುಂಟೆ. 1986ರ ವಾಟ್ನಿ ನಿಲ್ಲುವುದಾದರೆ ಎರಡು ಕವಲಿಗೆ ತಲಾ 90 ಗುಂಟೆ. ಅದು ನಿಲ್ಲದೆ ಕುಟುಂಬ ಇನ್ನೂ ಅವಿಭಕ್ತವೆಂದು ತೀರ್ಮಾನವಾದರೆ, ಮೂವರು ಮಕ್ಕಳಿಗೆ ತಲಾ 60 ಗುಂಟೆ, ಅಂದರೆ ಅತ್ತೆಗೆ 1 ಎಕರೆ 20 ಗುಂಟೆ. 2005ರ ತಿದ್ದುಪಡಿ ಇಲ್ಲದಿದ್ದರೆ ಅಜ್ಜನ ಮೂರನೇ ಒಂದು ಪಾಲಿನಲ್ಲಿ ಮೂರನೇ ಒಂದು ಭಾಗ, ಕೇವಲ 20 ಗುಂಟೆ ಅವರಿಗೆ ಬರುತ್ತಿತ್ತು. ಯಾವ ಲೆಕ್ಕದಲ್ಲಿ ನೋಡಿದರೂ ನಿಮ್ಮ ಅಣ್ಣನಿಗೆ 180 ಗುಂಟೆ ಬರುವ ದಾರಿ ನನಗೆ ಕಾಣುತ್ತಿಲ್ಲ.

ನಮ್ಮೂರ ಪಂಚ:
ಹಿರಿಯರ ಎದುರಿನ ಮಾತಿಗೆ ಬೆಲೆಯೇ ಇಲ್ಲ ಎನ್ನುವುದು ನ್ಯಾಯವೇ? ನಮ್ಮ ಕಡೆ ಪಾಲುಪಟ್ಟಿ ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸುತ್ತಿದ್ದರು. ಬನ್ನಿಯವರ ಮನೆಯಲ್ಲಿ ಅಂಥ ಹಾಳೆ ಇದೆಯೇ ನೋಡಲಿ.

ಧಾರವಾಡದ ವಕೀಲೆ:
ಬೆಲೆ ಇಲ್ಲವೆಂದು ನಾನು ಹೇಳಲಿಲ್ಲ. ಆ ಹಾಳೆಯ ಬೆಲೆ ಅದರಲ್ಲಿ ಬಳಸಿದ ಕ್ರಿಯಾಪದದಲ್ಲಿದೆ. ‘ಹಿಂದೆಯೇ ವಾಟ್ನಿ ಆಗಿರುತ್ತದೆ, ನೆನಪಿಗಾಗಿ ಬರೆದಿಟ್ಟಿದ್ದೇವೆ’ ಎಂದಿದ್ದರೆ ಅದು ಜ್ಞಾಪಕ ಪತ್ರ, ಅದಕ್ಕೆ ನೋಂದಣಿ ಬೇಕಿಲ್ಲ. ‘ಈ ಪತ್ರದ ಮೂಲಕ ಈ ದಿನ ವಾಟ್ನಿ ಮಾಡಿಕೊಂಡಿದ್ದೇವೆ’ ಎಂದಿದ್ದರೆ ಅದೇ ವಿಭಾಗ ಪತ್ರ, ನೋಂದಣಿಯಿಲ್ಲದೆ ವಿಭಾಗವನ್ನು ಸಾಬೀತು ಮಾಡಲು ಅದು ಬರುವುದಿಲ್ಲ. ಆದರೆ ಅತ್ತೆಯ ಸಹಿ ಇಲ್ಲದ ಹಾಳೆ ಅತ್ತೆಯನ್ನು ಎಷ್ಟರ ಮಟ್ಟಿಗೆ ಕಟ್ಟಿಹಾಕುತ್ತದೆ ಎಂಬ ಪ್ರಶ್ನೆ ಆಗಲೂ ಉಳಿದೇ ಇರುತ್ತದೆ.

ಬದುವಿನ ಬನ್ನಿ:
ನಮ್ಮ ಮನೆಯಲ್ಲಿ ಅಂಥ ಹಾಳೆ ಇಲ್ಲ. ಆ ನಾಲ್ವರು ಹಿರಿಯರಲ್ಲಿ ಒಬ್ಬರು ಮಾತ್ರ ಬದುಕಿದ್ದಾರೆ, ಅವರಿಗೂ ಈಗ ಕಿವಿ ಕೇಳಿಸುವುದಿಲ್ಲ. ತಕರಾರನ್ನು ನಿನ್ನೆಯೇ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಮಗಳ ಪಾಲು ಅವರ ಮಾತು ರಾತ್ರಿಯಿಡೀ ಕಾಡಿತು. ನನಗೆ ಒಬ್ಬಳು ತಂಗಿ ಇದ್ದಾಳೆ, ತಾಯಿಯೂ ಇದ್ದಾರೆ. ಮೊದಲ ಬರಹದಲ್ಲಿ ನಾವು ಎಂದು ಬರೆದಾಗ ನಾನು ಅವರನ್ನೂ ಎಣಿಸಿದ್ದೆನೇ ಎಂದು ಕೇಳಿಕೊಂಡರೆ, ಎಣಿಸಿರಲಿಲ್ಲ.

ಪುತ್ತೂರಿನ ಅಡಿಕೆ:
ಒಡೆತನವನ್ನು ಇಡೀ ತೆಂಗಿನಕಾಯಿಯಂತೆ ಒಬ್ಬನ ಕೈಯಲ್ಲಿರುವ ವಸ್ತು ಎಂದುಕೊಳ್ಳುವುದರಿಂದಲೇ ಈ ಜಗಳಗಳು ಎಂದು ನನಗೆ ಅನ್ನಿಸುತ್ತದೆ. ನಮ್ಮ ದಕ್ಷಿಣ ಕನ್ನಡದಲ್ಲಿ ಒಂದೇ ನೆಲದ ಮೇಲೆ ಬೇರೆ ಬೇರೆಯವರ ಬೇರೆ ಬೇರೆ ಹಕ್ಕುಗಳಿರುವುದು ಹಳೆಯ ಸಂಗತಿ. ಮೂಲಗೇಣಿಯಲ್ಲಿ ಮೂಲದಾರನೊಬ್ಬ, ತಲತಲಾಂತರಕ್ಕೂ ಅನುಭವಿಸುವ ಗೇಣಿದಾರ ಇನ್ನೊಬ್ಬ. ಆ ಗೇಣಿದಾರರಿಗೆ ಪೂರ್ಣ ಒಡೆತನ ಕೊಡಲು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ನಮ್ಮ ವರ್ಗ (ಪಟ್ಟಾ) ಜಮೀನಿಗೆ ಹೊಂದಿಕೊಂಡು 100 ಗಜದೊಳಗಿನ ಕುಮ್ಕಿಯಲ್ಲಿ ನಾವು ಸೊಪ್ಪು, ಸೌದೆ ತರುತ್ತೇವೆ, ದನ ಮೇಯಿಸುತ್ತೇವೆ, ಆದರೆ ಅದರ ಒಡೆಯ ಸರ್ಕಾರ. ಕೊಡಗಿನ ಬಾಣೆ, ಉತ್ತರ ಕನ್ನಡದ ಸೊಪ್ಪಿನ ಬೆಟ್ಟ ಇವೂ ಹಾಗೆಯೇ, ಭೂಕಂದಾಯ ಕಾಯ್ದೆ ಈ ಸವಲತ್ತುಗಳನ್ನು ಹೆಸರಿಟ್ಟು ಉಳಿಸಿದೆ. ಉಳುವುದು, ದಾಟುವುದು, ಸೊಪ್ಪು ಕೊಯ್ಯುವುದು, ಮಾರುವುದು, ಮಕ್ಕಳಿಗೆ ಬಿಟ್ಟುಹೋಗುವುದು ಒಂದೊಂದೂ ಬೇರೆ ಹಕ್ಕು. ಬನ್ನಿಯವರ ಹೊಲದಲ್ಲೂ ಇಂಥವು ಇರಲೇಬೇಕು, ನೀರಿನದೋ ದಾರಿಯದೋ.

ಬದುವಿನ ಬನ್ನಿ:
ಸರಿಯಾಗಿ ಹೇಳಿದಿರಿ. ಊರದಾರಿ ಇರುವುದು ಮೂಡಣಕ್ಕೆ. ನಮ್ಮ ಪಡುವಣದ ಹೊಲಕ್ಕೆ ಹೋಗಬೇಕಾದರೆ ಅಣ್ಣನ ಹೊಲದ ತೆಂಕಣ ಬದುವಿನ ಗುಂಟ ಬಂಡಿ ಹೊಡೆಯಬೇಕು. ಹೋದ ವಾರ ಅವನು ಅಲ್ಲಿ ಮುಳ್ಳು ಹೇರಿಸಿದ್ದಾನೆ.

ಸರಪಳಿ ಕಲ್ಲು:
ನಾನು ಪರವಾನಗಿ ಪಡೆದ ಭೂಮಾಪಕ, ಇದು ನನ್ನ ಕ್ಷೇತ್ರ. ಒಂದೇ ಜಮೀನನ್ನು ಎರಡು ಮಾಡಿದ್ದರಿಂದ ಒಂದು ತುಂಡಿಗೆ ಬೇರೆ ದಾರಿಯೇ ಇಲ್ಲದಂತಾದರೆ, ಇನ್ನೊಂದು ತುಂಡಿನ ಮೇಲೆ ಹಾಯುವ ಹಕ್ಕನ್ನು 1882ರ ಅನುಭೋಗ ಹಕ್ಕುಗಳ ಕಾಯ್ದೆಯ 13ನೇ ಪ್ರಕರಣ ಅನಿವಾರ್ಯತೆಯ ಆಧಾರದ ಮೇಲೆ ಕೊಡುತ್ತದೆ. 20 ವರ್ಷ ಅಡೆತಡೆಯಿಲ್ಲದೆ ಹಕ್ಕೆಂದು ಓಡಾಡಿದ್ದರೆ 15ನೇ ಪ್ರಕರಣವೂ ಇದೆ. ಆದರೆ ವಾದಕ್ಕಿಂತ ಮೊದಲು ಗ್ರಾಮ ನಕಾಶೆಯ ನಕಲು ತೆಗೆಸಿ. ಬಂಡಿದಾರಿಯನ್ನು ಅದರಲ್ಲಿ ಚುಕ್ಕೆಗೆರೆಯಿಂದ ತೋರಿಸಿದ್ದರೆ ಅಥವಾ ಪಹಣಿಯಲ್ಲಿ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಎಂದು ವಿಸ್ತೀರ್ಣ ಕಳೆದಿದ್ದರೆ, ಅದು ನಿಮ್ಮದೂ ಅಲ್ಲ, ಅಣ್ಣನದೂ ಅಲ್ಲ, ಸಾರ್ವಜನಿಕರ ದಾರಿ. ಮುಳ್ಳು ಹೇರುವ ಅಧಿಕಾರ ಯಾರಿಗೂ ಇಲ್ಲ.

ಇನ್ನು ಅಳತೆ. 2 ಎಕರೆ 10 ಗುಂಟೆ ಎಂದು ಬಾಯಲ್ಲಿ ಹೇಳುವುದು ಸುಲಭ. 33 ಅಡಿ ಉದ್ದದ ಸರಪಳಿಯನ್ನು ಎರಡೂ ಕಡೆ ಎಳೆದರೆ 1,089 ಚದರ ಅಡಿ, ಅದೇ ಒಂದು ಗುಂಟೆ, ಅಂಥ 40 ಸೇರಿದರೆ ಎಕರೆ. ಹಿರಿಯರು ಹೆಜ್ಜೆಯಲ್ಲಿ ಅಳೆದು ಹಾಕಿದ ಬದುಗಳನ್ನು ನಾನು ಅಳೆದಾಗ ಎರಡು ಕಡೆಯೂ ಸಮ ಬಂದದ್ದು ತೀರಾ ವಿರಳ. ಮೂಲ ಟಿಪ್ಪಣಿಯ (ಮೊದಲ ಸರ್ವೆಯ ಅಳತೆ ದಾಖಲೆಯ) ನಕಲನ್ನು ಪಡೆದು, ಗಡಿಯ ಬಾಂದು ಕಲ್ಲು ಹುಡುಕಿ ಅಳತೆ ಮಾಡಿಸಿ. ವಿಭಾಗ ಪತ್ರ ನೋಂದಾಯಿಸಬೇಕಾದರೂ ಈಗ 11ಇ ನಕ್ಷೆ (ಸರ್ವೆ ನಂಬರಿನ ತುಂಡುಗಳನ್ನು ಅಳೆದು ತೋರಿಸುವ ನಕ್ಷೆ) ಬೇಕೇ ಬೇಕು.

ಮಸ್ಕತ್ ಮಂಡ್ಯ:
ಬನ್ನಿಯವರ ಅಣ್ಣ ಕೊಳ್ಳುವವನಿಗೆ ಅಧಿಕಾರ ಪತ್ರ ಬರೆದುಕೊಟ್ಟರೆ ಏನಾಗುತ್ತದೆ? ಮಧ್ಯವರ್ತಿಯೊಬ್ಬನ ಮಾತು ನಂಬಿ ನಾನು ಅಧಿಕಾರ ಪತ್ರ ಮತ್ತು ಕರಾರಿನ ಮೇಲೆಯೇ ಒಂದು ತುಂಡು ನೆಲವನ್ನು ತೆಗೆದುಕೊಂಡು ಕೈಸುಟ್ಟುಕೊಂಡಿದ್ದೇನೆ.

ಧಾರವಾಡದ ವಕೀಲೆ:
ಅಧಿಕಾರ ಪತ್ರದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬನ್ನಿಯವರು ವಿಭಾಗದ ದಾವೆ ಹೂಡಿದರೆ, ಅದು ನಡೆಯುತ್ತಿರುವಾಗ ಆಗುವ ಯಾವ ಮಾರಾಟವೂ ತೀರ್ಪಿಗೆ ಅಧೀನ. ಜೊತೆಯಲ್ಲೇ ತಾತ್ಕಾಲಿಕ ತಡೆಯಾಜ್ಞೆಯನ್ನೂ ಕೇಳಬೇಕು, ದಾರಿಯ ವಿಷಯವನ್ನೂ ಸೇರಿಸಬೇಕು.

ಬದುವಿನ ಬನ್ನಿ:
ಎಂಟು ದಿನಗಳ ನಂತರ ಬರೆಯುತ್ತಿದ್ದೇನೆ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ 1992ರ ಮ್ಯುಟೇಷನ್ನಿನ ದೃಢೀಕೃತ ನಕಲು ಸಿಕ್ಕಿತು. ಹಾಳೆಯ ಅಂಚು ಗೆದ್ದಲು ತಿಂದಿದ್ದರೂ ನಡುವಿನ ಬರಹ ಓದಲು ಬರುತ್ತದೆ. ದೊಡ್ಡಪ್ಪನ ಹೆಸರಿನ ಮುಂದೆ ‘ಏಕತ್ರ ಕುಟುಂಬದ ಮ್ಯಾನೇಜರ್ ಎಂಬ ನೆಲೆಯಲ್ಲಿ’ ಎಂದು ಬರೆದಿದೆ. ಕೆಳಗೆ ಒಪ್ಪಿಗೆಯ ಜವಾಬಿನಲ್ಲಿ ನನ್ನ ತಂದೆಯ ಸಹಿ ಇದೆ. ಅವರು ಸಹಿಯ ಕೊನೆಯಲ್ಲಿ ಎಳೆಯುತ್ತಿದ್ದ ಉದ್ದನೆಯ ಗೆರೆಯನ್ನು ನೋಡಿ, ಕೌಂಟರಿನ ಎದುರೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ವಾರಸುದಾರರ ಪಟ್ಟಿಯಲ್ಲಿ ಮೂರನೆಯದಾಗಿ ಅತ್ತೆಯ ಹೆಸರೂ ಇದೆ, ಅವರ ಸಹಿಯ ಜಾಗ ಮಾತ್ರ ಖಾಲಿ.

ನಿವೃತ್ತ ಕಂದಾಯ:
ಈ ನಕಲಿನಿಂದ ನಿಮ್ಮ ಅಣ್ಣನ ವಾದ ಬಿದ್ದಂತೆಯೇ. ಮ್ಯಾನೇಜರ್ ಎಂದರೆ ಎಲ್ಲರ ಪರವಾಗಿ ಹೆಸರು ಹೊತ್ತವನೇ ಹೊರತು ಒಬ್ಬನೇ ಒಡೆಯನಲ್ಲ. ಗಣಕೀಕರಣದ ಹೊತ್ತಿನಲ್ಲಿ ಇಂಥ ವಿಶೇಷಣಗಳು ಬಿಟ್ಟುಹೋಗಿ ಹೆಸರು ಮಾತ್ರ ಉಳಿದದ್ದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ಧಾರವಾಡದ ವಕೀಲೆ:
ಸಂತೋಷ, ಆದರೆ ಇದು ಎರಡೂ ಕಡೆ ಕೊಯ್ಯುವ ದಾಖಲೆ ಎಂಬುದನ್ನು ಬನ್ನಿಯವರಿಗೆ ಮುಚ್ಚಿಡಬಾರದು. 1986ರಲ್ಲೇ ವಾಟ್ನಿ ಆಗಿತ್ತು ಎನ್ನುವುದಾದರೆ 1992ರಲ್ಲಿ ಕುಟುಂಬ ಏಕತ್ರವಾಗಿತ್ತು ಎಂಬ ಹಾಳೆಗೆ ನಿಮ್ಮ ತಂದೆ ಏಕೆ ಸಹಿ ಹಾಕಿದರು? ಈ ಹಾಳೆಯನ್ನು ನ್ಯಾಯಾಲಯದಲ್ಲಿ ಮುಂದಿಟ್ಟರೆ ನಿಮ್ಮ 90 ಗುಂಟೆ ಬಹುಮಟ್ಟಿಗೆ 60 ಆಗುತ್ತದೆ, ಅತ್ತೆಯ 60 ಎದ್ದು ನಿಲ್ಲುತ್ತದೆ.

ನಮ್ಮೂರ ಪಂಚ:
ಹಾಗಾದರೆ ಆ ನಕಲನ್ನು ಹಾಜರು ಮಾಡದೆ ಬಿಟ್ಟರಾಯಿತಲ್ಲ. ವಿದ್ಯುತ್ ಸಂಪರ್ಕ, ಉಳುಮೆ ಇವುಗಳ ಬಲದ ಮೇಲೆ ವಾಟ್ನಿಯನ್ನೇ ವಾದಿಸಲಿ.

ಮಗಳ ಪಾಲು:
ಇದೇ ಸಲಹೆಯನ್ನು ಯಾರೋ ಅಣ್ಣನಿಗೂ ಕೊಟ್ಟಿರಬೇಕು.

ಬದುವಿನ ಬನ್ನಿ:
ಪಂಚರ ಸಲಹೆ ನನ್ನ ಮನಸ್ಸಿಗೂ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ತಂದೆಯ ಸಹಿ ಇರುವ ಹಾಳೆಯನ್ನು ಬಚ್ಚಿಟ್ಟು ತಂದೆಯ ಹೊಲವನ್ನು ಉಳಿಸಿಕೊಳ್ಳುವುದು ನನ್ನಿಂದಾಗದು. ನಿನ್ನೆ ತಾಯಿ, ತಂಗಿಯನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋಗಿದ್ದೆ. ನಕಲನ್ನು ಅತ್ತೆಯ ಕೈಗೆ ಕೊಟ್ಟು ಓದಿ ಹೇಳಿದೆ. ಅವರು ತಮ್ಮ ಹೆಸರಿನ ಮೇಲೆ ಬೆರಳಾಡಿಸಿ, ‘ನನ್ನ ಹೆಸರು ಬರೆದಿದ್ದರೆಂದು ನನಗೆ ಯಾರೂ ಹೇಳಲೇ ಇಲ್ಲ’ ಎಂದರು. ಪಾಲು ಬೇಡವೆಂದು ಅವರು ಹೇಳಲಿಲ್ಲ, ಹೇಳಬೇಕೆಂದು ನಾನೂ ಬಯಸಲಿಲ್ಲ. ದಾವೆಗೆ ನಾವೆಲ್ಲರೂ ಅತ್ತೆಯ ಜೊತೆ ಸೇರಿ ವಾದಿಗಳಾಗುತ್ತೇವೆ. ಅದಕ್ಕೂ ಮೊದಲು ಕೊನೆಯ ಬಾರಿ ಅಣ್ಣನನ್ನು ಕರೆದು, ಮೂರು ಕವಲಿಗೆ ನೋಂದಾಯಿತ ವಿಭಾಗ ಪತ್ರ ಮಾಡಿಕೊಳ್ಳೋಣವೆಂದು ಕೇಳುತ್ತೇವೆ.

ಧಾರವಾಡದ ವಕೀಲೆ:
ಒಳ್ಳೆಯ ದಾರಿ. ಆ ಮಾತುಕತೆಗೆ ಮೊದಲೇ ಕೊಳ್ಳುವವನಿಗೂ ವಕೀಲರ ಮೂಲಕ ನೋಟಿಸು ಕಳಿಸಿ, ನಕಲಿನ ಪ್ರತಿಯನ್ನು ಲಗತ್ತಿಸಿ. ಅವನು ಹಿಂದೆ ಸರಿದರೆ ಅಣ್ಣ ಮಾತುಕತೆಗೆ ಕೂರುವ ಸಾಧ್ಯತೆ ಹೆಚ್ಚು.

ಸರಪಳಿ ಕಲ್ಲು:
ಅಳತೆಯ ದಿನ ಮೂರೂ ಕಡೆಯವರು ಹೊಲದಲ್ಲಿರಲಿ, ಅಕ್ಕಪಕ್ಕದ ಸರ್ವೆ ನಂಬರಿನವರಿಗೂ ನೋಟಿಸು ಹೋಗಿರಲಿ. ಪಡುವಣದ ಮೂಲೆಯ ಬಾಂದು ಕಲ್ಲು ಇದೆಯೇ? ಅದಿಲ್ಲದಿದ್ದರೆ ಪಕ್ಕದ ಸರ್ವೆ ನಂಬರಿನಿಂದ ಗೆರೆ ಹಿಡಿದು ಬರಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ.

ಬದುವಿನ ಬನ್ನಿ:
ಆ ಕಲ್ಲನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ, ತಂದೆಗೂ ಸಿಕ್ಕಿರಲಿಲ್ಲ. ಅತ್ತೆಯನ್ನು ಕೇಳಿದೆ. ಬನ್ನಿಮರದ ಬುಡದಲ್ಲಿ, ಹಳ್ಳದ ಕಡೆಯ ಬೇರಿನ ಕೆಳಗೆ ಇದೆಯಂತೆ. ಹುಡುಗಿಯಾಗಿದ್ದಾಗ ಬುತ್ತಿ ತಂದು ಅದರ ಮೇಲೆಯೇ ಇಳಿಸುತ್ತಿದ್ದರಂತೆ. ಸೋಮವಾರ ಗುದ್ದಲಿ ತೆಗೆದುಕೊಂಡು ಅವರ ಜೊತೆ ಹೋಗುತ್ತೇನೆ.